ಕಲಿಸಿದರೆ ಕೆಲಸ ಹೋಗ್ತದಾ?



ಲೆಕ್ಕಪತ್ರ ನೋಡುವ ನಮಗೂ ವಿಡಿಯೋ ಗೇಮಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಉಂಟು. ಗಲ್ಫಿನಲ್ಲಿರಲಿ, ಇಲ್ಲಿ ಕ್ಯುಪರ್ಟಿನೋದಲ್ಲಿರಲಿ, ಪರದೇಶದಲ್ಲಿ ದುಡಿಯುವವರಿಗೆ ಒಂದು ಹೆದರಿಕೆ ಇದ್ದೇ ಇರುತ್ತದೆ. ನಮಗೆ ಗೊತ್ತಿರುವ ಕೆಲಸ ಪಕ್ಕದವನಿಗೆ ಕಲಿಸಿದರೆ ನಾಳೆ ನಮ್ಮ ಕುರ್ಚಿಯಲ್ಲಿ ಅವನೇ ಕೂರುತ್ತಾನೆ ಅಂತ. ಸಣ್ಣ ಎಕ್ಸೆಲ್ ಶೀಟಿಗೂ ಪಾಸ್‌ವರ್ಡ್ ಹಾಕಿ ಇಡುವವರನ್ನು ನಾವೆಲ್ಲ ನೋಡಿದ್ದೇವೆ.

ಕ್ಯುಪರ್ಟಿನೋ ಅಂದರೆ ಎಲ್ಲರಿಗೂ ಆ್ಯಪಲ್ ನೆನಪಾಗುತ್ತದೆ. ಪಕ್ಕದ ಊರು ಸನಿವೇಲ್. ಅಲ್ಲಿದ್ದದ್ದು ಆಟಾರಿ ಕಂಪನಿ. ಭೌತಶಾಸ್ತ್ರ ಓದಿ ಪಾಠ ಹೇಳುತ್ತಿದ್ದ ಕ್ರಿಸ್ ಕ್ರಾಫರ್ಡ್ 1979ರಲ್ಲಿ ಅಲ್ಲಿಗೆ ಗೇಮ್ ಬರೆಯಲು ಸೇರಿದರು. ಆಟಾರಿ ಆಗ ತಾನೇ ಮನೆಬಳಕೆಯ ಕಂಪ್ಯೂಟರ್ ತಂದಿತ್ತು. ಆದರೆ ಒಳಗಿನ ಚಿಪ್‌ಗಳ ಗುಟ್ಟು ಹೊರಗಿನವರಿಗೆ ಹೇಳಲು ಕಂಪನಿಗೆ ಮನಸ್ಸಿರಲಿಲ್ಲ. ಹೊರಗಿನವರು ಪ್ರೋಗ್ರಾಮ್ ಬರೆಯದಿದ್ದರೆ ಯಂತ್ರ ಯಾರು ಕೊಳ್ಳುತ್ತಾರೆ ಮಾರಾಯ್ರೇ? ಕೊನೆಗೆ ಕಂಪನಿಗೂ ಅದು ಅರ್ಥವಾಯಿತು. ಹೊರಗಿನವರಿಗೆ ಕಲಿಸುವ ತಂಡಕ್ಕೆ ಕ್ರಾಫರ್ಡ್ ಮುಖ್ಯಸ್ಥರಾದರು.

ಅವರೂ ಜೊತೆಯವರೂ ಸೇರಿ ಬರೆದ ಪುಸ್ತಕ ‘ಡಿ ರೆ ಆಟಾರಿ’. ಮೊದಲು ‘ಬೈಟ್’ ಪತ್ರಿಕೆಯಲ್ಲಿ ಲೇಖನಗಳಾಗಿ ಬಂತು, 1982ರಲ್ಲಿ ಪುಸ್ತಕವಾಯಿತು. ಹೊಲಿದ ಪುಸ್ತಕವಲ್ಲ, ತೂತು ಹೊಡೆದ ಬಿಡಿ ಹಾಳೆಗಳು, ನಮ್ಮ ವೋಚರ್ ಫೈಲಿನ ಹಾಗೆ! ಪರದೆಯ ಮೇಲೆ ಚಿತ್ರ ಹೇಗೆ ಮೂಡುತ್ತದೆ, ನಕ್ಷೆ ನುಣ್ಣಗೆ ಹೇಗೆ ಸರಿಯುತ್ತದೆ, ಎಲ್ಲ ಅದರಲ್ಲಿ ಇತ್ತು.

ಅದೇ ವಿದ್ಯೆ ಬಳಸಿ ಅವರು 1981ರಲ್ಲಿ ‘ಈಸ್ಟರ್ನ್ ಫ್ರಂಟ್’ ಎಂಬ ಯುದ್ಧದ ಆಟ ಮಾಡಿದ್ದರು. ಟಿವಿ ಪರದೆಯಲ್ಲಿ ಚಿತ್ರ ಬರೆಯುವ ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವ ಸಣ್ಣ ಬಿಡುವು ಸೆಕೆಂಡಿಗೆ 60 ಸಲ ಬರುತ್ತದೆ. ಆ ಬಿಡುವಿನಲ್ಲಿ ಆಟಗಾರನ ಆಜ್ಞೆ ಕೇಳಿಕೊಳ್ಳುವುದು, ಉಳಿದ ಹೊತ್ತೆಲ್ಲ ಕಂಪ್ಯೂಟರ್ ತನ್ನ ನಡೆ ಯೋಚಿಸುವುದು. ನೀವು ತಡಮಾಡಿದಷ್ಟೂ ಅದು ಚುರುಕು! ಇಂಥ ಆಟದ ಮೂಲ ಪ್ರೋಗ್ರಾಮನ್ನೇ ಆಮೇಲೆ ಮಾರಾಟಕ್ಕೆ ಇಟ್ಟರು. ಬೇಕಾದವರು ಓದಿ ಕಲಿಯಬಹುದಿತ್ತು.

ಹಾಗಂತ ಅವರ ಕೆಲಸ ಉಳಿಯಿತಾ? ಇಲ್ಲ. 1983ರಲ್ಲಿ ಆಟಾರಿಗೆ 50 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಮರುವರ್ಷ ಕ್ರಾಫರ್ಡರನ್ನೂ ಮನೆಗೆ ಕಳಿಸಿದರು. ಗುಟ್ಟು ಕಾಪಾಡಿದವರನ್ನೂ ಕಳಿಸಿದರು, ಕಲಿಸಿದವರನ್ನೂ ಕಳಿಸಿದರು. ನಷ್ಟದ ಪಟ್ಟಿಗೆ ಆ ಭೇದ ಗೊತ್ತಾಗುವುದಿಲ್ಲ. ಲೇ ಆಫ್ ನೋಡಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1984ರಲ್ಲಿ ಗೇಮ್ ರಚನೆಯ ಬಗ್ಗೆ ಅವರ ಪುಸ್ತಕವೂ ಬಂತು. ಆಮೇಲೆ ಕ್ಯುಪರ್ಟಿನೋದ ಆ್ಯಪಲ್‌ನವರ ಹೊಸ ಮ್ಯಾಕಿಂಟಾಷ್‌ಗಾಗಿ ‘ಬ್ಯಾಲೆನ್ಸ್ ಆಫ್ ಪವರ್’ ಬರೆದರು, 1985ರಲ್ಲಿ. ಅಮೆರಿಕ, ರಷ್ಯಾ ಅಣುಯುದ್ಧಕ್ಕೆ ಹೋಗದಂತೆ ನೋಡಿಕೊಳ್ಳುವ ಆಟ ಅದು. ಯುದ್ಧ ಹತ್ತಿತೋ, ಬೆಂಕಿ ಹೊಗೆ ಏನೂ ತೋರಿಸದೆ ಪರದೆ ಕಪ್ಪಾಗುತ್ತದೆ. ಅದು ಚೆನ್ನಾಗಿ ಮಾರಾಟವಾಯಿತು. ಮರುವರ್ಷ ಅದನ್ನು ಕಟ್ಟಿದ್ದು ಹೇಗೆ ಅಂತ ಅದಕ್ಕೂ ಒಂದು ಪುಸ್ತಕ!

1987ರಲ್ಲಿ ಗೇಮ್ ಬರೆಯುವವರಿಗಾಗಿ ಅವರು ಒಂದು ಪತ್ರಿಕೆ ಶುರು ಮಾಡಿದರು. 1988ರಲ್ಲಿ ಸ್ಯಾನ್ ಹೋಸೆಯ ತಮ್ಮ ಮನೆಯ ಹಾಲಿಗೇ ಅಂಥವರನ್ನು ಕರೆದರು. ಬಂದವರು ಮೂವತ್ತು ಜನಕ್ಕಿಂತ ಕಡಿಮೆ. ಒಬ್ಬರಿಗೊಬ್ಬರು ಪೈಪೋಟಿಯವರೇ, ಆದರೂ ಕೂತು ಕೆಲಸದ ಮಾತಾಡಿದರು. ಆ ಸಭೆ ಈಗಲೂ ನಡೆಯುತ್ತದೆ, ಸ್ಯಾನ್ ಫ್ರಾನ್ಸಿಸ್ಕೋದ ಮೊಸ್ಕೋನಿ ಸೆಂಟರಿನಲ್ಲಿ. ಈಚಿನ ವರ್ಷಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದುಂಟು.