ನಂದಾದೀಪಕ್ಕೆ ಎಣ್ಣೆ ಯಾರದು?



ಹಿಂದೆ ಗುಡಿ ಕಟ್ಟಿಸಿದವರು ನಂದಾದೀಪಕ್ಕೆಂದು ಹೊಲಗದ್ದೆಯನ್ನೂ ದತ್ತಿ ಬಿಡುತ್ತಿದ್ದರು. ಗೋಡೆ ಒಮ್ಮೆ ಎದ್ದರೆ ಸಾಕು, ಎಣ್ಣೆ ದಿನವೂ ಬೇಕು. ವಿಜ್ಞಾನ ಸಂಸ್ಥೆಗೂ ಈ ಮಾತು ಸಲ್ಲುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. ಅದಕ್ಕೆಂದು ಜಮ್‌ಷೆಟ್‌ಜಿ ಟಾಟಾ ಮೀಸಲಿಟ್ಟದ್ದು ವರ್ಷವರ್ಷವೂ ಉತ್ಪನ್ನ ತರುವ ಮುಂಬಯಿಯ ಆಸ್ತಿಗಳನ್ನು. 1904ರಲ್ಲಿ ಅವರು ತೀರಿಕೊಂಡರೂ ಮಕ್ಕಳು ತಂದೆಯ ಮಾತು ಉಳಿಸಿದರು. ಮೈಸೂರು ಸಂಸ್ಥಾನ 371 ಎಕರೆ ನೆಲದ ಜೊತೆಗೆ ವಾರ್ಷಿಕ ಅನುದಾನವನ್ನೂ ಕೊಟ್ಟಿತು. ಭಾರತ ಸರ್ಕಾರವೂ ಕೈಜೋಡಿಸಿತು. 1909ರಲ್ಲಿ ಸ್ಥಾಪನೆಯಾದ ಸಂಸ್ಥೆಗೆ 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು.

ಸರ್ ಸಿ.ವಿ. ರಾಮನ್ ಹಿಡಿದದ್ದು ಬೇರೆ ದಾರಿ. 1948ರಲ್ಲಿ ತಮ್ಮದೇ ಸಂಸ್ಥೆ ಆರಂಭಿಸಿದ ಅವರಿಗೆ ಸರ್ಕಾರದ ಹಣ ಬೇಡವಾಗಿತ್ತು. ಹಣದ ಹಿಂದೆಯೇ ಹಂಗು ಬರುತ್ತದೆಂಬ ಅಂಜಿಕೆ ಅವರದು. ದೇಣಿಗೆ ಎತ್ತಿದರು, ಸ್ವಂತ ಆಸ್ತಿಯನ್ನೂ ಕೊಟ್ಟರು. 1970ರಲ್ಲಿ ಅವರು ತೀರಿಕೊಂಡರು. 1972ರಲ್ಲಿ ಅದು ಕೇಂದ್ರದ ಅನುದಾನ ಪಡೆಯುವ ಸ್ವಾಯತ್ತ ಸಂಸ್ಥೆಯಾಯಿತು.

ಇದನ್ನು ರಾಮನ್ನರ ಸೋಲೆನ್ನಲಾರೆ. ವ್ಯಕ್ತಿಯ ವರ್ಚಸ್ಸಿಗೆ ಒಂದೇ ಆಯುಷ್ಯ, ಸಂಸ್ಥೆಗೆ ಹಲವು ತಲೆಮಾರು. ಒಬ್ಬ ಸಂಶೋಧಕನನ್ನು ತಯಾರು ಮಾಡುವ ಕೆಲಸ ಒಂದು ಬಜೆಟ್ಟಿನ ವರ್ಷದಲ್ಲಿ ಮುಗಿಯುವಂಥದಲ್ಲ. ಆದ್ದರಿಂದ ಸಾರ್ವಜನಿಕ ಹಣ ಬೇಕೇ ಬೇಕು. ಆದರೆ ರಾಮನ್ನರ ಅಂಜಿಕೆಯನ್ನೂ ಮರೆಯಬಾರದು. ಲೆಕ್ಕ ಕೇಳುವುದು ಹಣ ಕೊಟ್ಟವರ ಹಕ್ಕು. ಯಾವ ಪ್ರಶ್ನೆಯ ಬೆನ್ನು ಹತ್ತಬೇಕೆಂಬುದು ವಿಜ್ಞಾನಿಯ ಹಕ್ಕು. ಈ ಗಡಿಯನ್ನು ಕಾಯುವುದೇ ಆಡಳಿತ ಮಂಡಳಿಯ ಮೊದಲ ಕೆಲಸ.

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೆ: ಕಟ್ಟಡಕ್ಕೆ ಹೆಸರಿಡಿಸಿ, ಬೇಡವೆನ್ನುವುದಿಲ್ಲ. ಅದರೊಳಗೆ ಕಲಿಯುವ ಒಬ್ಬ ವಿದ್ಯಾರ್ಥಿಯ ವೇತನಕ್ಕೂ ಒಂದು ದತ್ತಿ ಇಡಿ.