ತೊಟ್ಟಿಕ್ಕುವ ನಲ್ಲಿಯ ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರ ಮಾಲಿನ್ಯ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಾರ್ಖಾನೆಯ ಚಿಮಣಿ ಮತ್ತು ಲಾರಿಯ ಹೊಗೆ. ಇವು ನಮ್ಮ ಕೈಯಲ್ಲಿಲ್ಲ, ಸರ್ಕಾರ ನೋಡಿಕೊಳ್ಳಲಿ ಎಂದು ನಾವು ಸುಮ್ಮನಾಗುತ್ತೇವೆ. ನಾನೂ ಹಾಗೆಯೇ ಇದ್ದೆ. ನನ್ನ ಕಣ್ಣು ತೆರೆಸಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ.

2024ರ ಬೇಸಿಗೆ ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತ ದಿನಗಳವು. ಆ ಹುಡುಗಿ ವಾರಕ್ಕೆ ಎರಡು ದಿನ ತಡವಾಗಿ ಬರುತ್ತಿದ್ದಳು. ಒಂದು ದಿನ ನಾನು ಗದರಿದೆ. ಅವಳು ಉತ್ತರ ಕೊಡಲಿಲ್ಲ. ಮಧ್ಯಾಹ್ನ ನೋಡಿದರೆ, ಶಾಲೆಯ ಸೋರುವ ನಲ್ಲಿಯ ಕೆಳಗೆ ತನ್ನ ಬಾಟಲಿ ಇಟ್ಟುಕೊಂಡು ಕುಳಿತಿದ್ದಾಳೆ. "ಟೀಚರ್, ಬೆಳಿಗ್ಗೆ ನಮ್ಮ ಗಲ್ಲಿಗೆ ಟ್ಯಾಂಕರ್ ಬಂದಿತ್ತು, ಅದಕ್ಕೇ ತಡವಾಯಿತು. ಇಲ್ಲಿ ನೋಡಿ, ಸುಮ್ಮನೆ ಹೋಗುತ್ತಿದೆ" ಎಂದಳು. ತಿಂಗಳುಗಳಿಂದ ನಾನು ಆ ನಲ್ಲಿಯ ಪಕ್ಕದಲ್ಲೇ ಓಡಾಡುತ್ತಿದ್ದೆ!

ಮರುದಿನ ತರಗತಿಯಲ್ಲಿ ಅವಳ ಕ್ಷಮೆ ಕೇಳಿದೆ. ನಂತರ ಮಕ್ಕಳೇ ಆ ನೀರನ್ನು ಅಳೆದರು. ಗಂಟೆಗೆ ಒಂದು ಲೀಟರ್. ಅಂದರೆ ದಿನಕ್ಕೆ 24 ಲೀಟರ್, ವರ್ಷಕ್ಕೆ 8,760 ಲೀಟರ್.

ಇದಕ್ಕೂ ಹವಾಮಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಾವೇರಿ ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ಸುಮಾರು 100 ಕಿ.ಮೀ. ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪು ಮಾಡಿ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಏರಿಸಬೇಕು. 1,000 ಲೀಟರ್ ನೀರನ್ನು ಅಷ್ಟು ಮೇಲಕ್ಕೆ ಎತ್ತಲು, ಪಂಪಿನ ನಷ್ಟವನ್ನು ಬಿಟ್ಟರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲಿನದು. ಆದ್ದರಿಂದ ಪ್ರತಿ ಯೂನಿಟ್ಟಿಗೆ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೀಗೆ ಆ ಒಂದು ನಲ್ಲಿಯ ಪಾಲು ವರ್ಷಕ್ಕೆ ಎಂಟು ಕಿಲೋ. ಅದನ್ನು ತಡೆದದ್ದು ಒಂದು ಸಣ್ಣ ವಾಷರ್. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಆರಂಭವಾಗಿ ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ನೀರು ತರುವ ವ್ಯವಸ್ಥೆಯಾಯಿತು. ಸಂತೋಷವೇ. ಆದರೆ ಆ ನೀರೂ ಪಂಪಿನಿಂದಲೇ ಮೇಲೇರಬೇಕು.

ಕಸದ ಕಥೆಯೂ ಇಂಥದ್ದೇ. ಅಡುಗೆಮನೆಯ ಹಸಿ ಕಸ ಪ್ಲಾಸ್ಟಿಕ್ಕಿನೊಡನೆ ಬೆರೆತು ರಾಶಿಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. 20 ವರ್ಷಗಳ ಅವಧಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ನಮ್ಮ ಕಸ ತಮ್ಮೂರಿಗೆ ಬೇಡವೆಂದು 2014ರಲ್ಲಿ ಮಂಡೂರಿನ ಜನ ಬೀದಿಗಿಳಿದರು. ಅವರ ಊರಿನ ಗಾಳಿಯನ್ನೂ ನೀರನ್ನೂ ಕೆಡಿಸಿದ್ದು ನಮ್ಮ ಮನೆಗಳ ಕಸ. ಹಸಿ ಕಸಕ್ಕೊಂದು ಬುಟ್ಟಿ, ತಿರಸ್ಕೃತ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲ ಇಡಬೇಕೆಂದು 2015ರ ಡಿಸೆಂಬರ್‌ನಲ್ಲಿ ಹೈಕೋರ್ಟು ಹೇಳಿತು. ಅದನ್ನು ಪಾಠ ಮಾಡಿದ ನನ್ನ ಮನೆಯಲ್ಲೇ ಬಹುಕಾಲ ಒಂದೇ ಬುಟ್ಟಿ ಇತ್ತೆಂದು ಹೇಳಲು ನಾಚಿಕೆಯಾಗುತ್ತದೆ.

ಒಂದು ನಲ್ಲಿ, ಒಂದು ಬುಟ್ಟಿಯಿಂದ ಲೋಕ ಬದಲಾಗುವುದಿಲ್ಲ, ನಿಜ. ಆದ್ದರಿಂದಲೇ ಇದು ಮೊಹಲ್ಲಾದ ಕೆಲಸವಾಗಬೇಕು. ನನ್ನ ವಿನಂತಿಗಳು ನಾಲ್ಕು:

1. ತಿಂಗಳಿಗೊಮ್ಮೆ ಮಕ್ಕಳು ಗಲ್ಲಿಯ ಸೋರುವ ನಲ್ಲಿಗಳನ್ನು ಪಟ್ಟಿ ಮಾಡಲಿ. ಹಿರಿಯರು ವಾಷರ್ ಹಾಕಿಸಲಿ.

2. ಹತ್ತು ಮನೆಗಳು ಸೇರಿ ಹಸಿ ಕಸವನ್ನು ಒಣ ಎಲೆಗಳೊಂದಿಗೆ ಗೊಬ್ಬರ ಮಾಡಲಿ.

3. ಶಾದಿಗಳಿಗೆ ಎರವಲು ಕೊಡಲು ಸಂಘವೇ ಸ್ಟೀಲ್ ತಟ್ಟೆ ಲೋಟಗಳನ್ನು ಇಟ್ಟುಕೊಳ್ಳಲಿ. ಉಳಿದ ಊಟ ಕಸದ ಲಾರಿಗೆ ಹೋಗುವ ಮೊದಲು ಹಸಿದವರ ಮನೆಗೆ ಹೋಗಲಿ.

4. ಹತ್ತಿರದ ಶಾಲೆಗೆ ಮಕ್ಕಳು ಗುಂಪಾಗಿ ನಡೆದು ಹೋಗಲಿ. ಪ್ರತಿದಿನ ಒಬ್ಬ ಪಾಲಕರು ಜೊತೆಗಿರಲಿ.

ಇವಕ್ಕೆ ದೊಡ್ಡ ಹಣ ಬೇಡ. ನಗರದ ಬಿಸಿ ಮೊದಲು ತಟ್ಟುವುದು ಶೀಟಿನ ಮನೆಗಳಿಗೆ, ನೀರಿನ ಸಾಲಿನಲ್ಲಿ ನಿಲ್ಲುವ ಹೆಣ್ಣುಮಕ್ಕಳಿಗೆ. ಅವರಲ್ಲಿ ಒಬ್ಬಳಾದರೂ ಹೊತ್ತಿಗೆ ಸರಿಯಾಗಿ ತರಗತಿಗೆ ಬರುವಂತಾದರೆ ನಮ್ಮ ಶ್ರಮ ಸಾರ್ಥಕ. ಈ ಪುಟ ಮಡಿಸುವ ಮುನ್ನ, ಓದುಗರೇ, ನಿಮ್ಮ ಮನೆಯ ನಲ್ಲಿಯನ್ನೊಮ್ಮೆ ನೋಡಿ ಬನ್ನಿ.