ಅಂಕಪಟ್ಟಿ ಹೇಳದೆ ಉಳಿಸಿದ್ದು: ಜರ್ಮನಿಯ ವಿಶ್ವವಿದ್ಯಾಲಯ ಪ್ರವೇಶ ಮತ್ತು ನಮ್ಮ ವಿದ್ಯಾರ್ಥಿಗಳು



ಹೊರದೇಶದ ಓದಿನ ಮಾತು ಬಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಚಿಂತೆ ದುಡ್ಡಿನದು, ಆಮೇಲೆ ಇಂಗ್ಲಿಷಿನದು. ಓದಿನ ಅರ್ಹತೆಯ ಬಗ್ಗೆ ಯಾರೂ ಕೇಳುವುದಿಲ್ಲ. ಒಳ್ಳೆಯ ಮಾರ್ಕ್ಸ್ ಇದ್ದರೆ ಆಯಿತು ಎಂಬ ಧೈರ್ಯ. ಜರ್ಮನಿಯ ಮಟ್ಟಿಗೆ ಆ ಧೈರ್ಯ ಸಾಲದು.

ಪಿಯುಸಿಯಲ್ಲಿ ತೊಂಬತ್ತೈದು ಪರ್ಸೆಂಟ್ ಬಂದರೂ ಆ ಒಂದೇ ಅಂಕಪಟ್ಟಿ ಹಿಡಿದು ಅಲ್ಲಿ ನೇರವಾಗಿ ಪದವಿಗೆ ಸೇರಲಾಗದು. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಇಲ್ಲವೇ ಇಲ್ಲಿ ಮಾನ್ಯತೆ ಇರುವ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿ, ಅದಕ್ಕೆ ಹೊಂದುವ ವಿಷಯಕ್ಕೇ ಅರ್ಜಿ ಹಾಕಬೇಕು. ಎರಡೂ ಇಲ್ಲದವರಿಗೆ ಸ್ಟೂಡಿಯೆನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ಕಾಲೇಜು ಇದೆ: ಸಾಮಾನ್ಯವಾಗಿ ಎರಡು ಸೆಮಿಸ್ಟರ್, ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ, ಕೊನೆಗೊಂದು ಅರ್ಹತಾ ಪರೀಕ್ಷೆ. ಇದನ್ನು ಫಸ್ಟ್ ಪಿಯುಸಿಯಲ್ಲೇ ಮಕ್ಕಳಿಗೆ ಹೇಳಬೇಕು.

ಸ್ನಾತಕೋತ್ತರ ಓದಿನ ಲೆಕ್ಕ ಇನ್ನೂ ಸೂಕ್ಷ್ಮ. ಜರ್ಮನಿಯಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಬರೀ ಪಾಸು. ನಮ್ಮ ಅಂಕವನ್ನು ಆ ಅಳತೆಗೆ ತರಲು ಮಾರ್ಪಡಿಸಿದ ಬವೇರಿಯನ್ ಸೂತ್ರವನ್ನು ಬಳಸುತ್ತಾರೆ. ಗರಿಷ್ಠ ಅಂಕದಲ್ಲಿ ವಿದ್ಯಾರ್ಥಿಯ ಅಂಕ ಕಳೆಯಿರಿ. ಉಳಿದದ್ದನ್ನು ಗರಿಷ್ಠಕ್ಕೂ ಪಾಸಿನ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ. ಮೂರರಿಂದ ಗುಣಿಸಿ ಒಂದು ಕೂಡಿಸಿ. ನೂರಕ್ಕೆ 75 ತೆಗೆದ ಹುಡುಗಿಯ ಕಾಲೇಜಿನಲ್ಲಿ ಪಾಸಿಗೆ 40 ಬೇಕಿದ್ದರೆ ಅವಳದು 2.25. ಪಾಸಿಗೆ 50 ಬೇಕಿದ್ದರೆ ಅದೇ 75 ಅಂಕ 2.5 ಆಗುತ್ತದೆ. ಕೋರ್ಸಿನ ಮಿತಿ 2.3 ಇದ್ದರೆ ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ. ಪಾಸಿನ ಅಂಕವನ್ನು ಸ್ಪಷ್ಟವಾಗಿ ಮುದ್ರಿಸುವುದು ಎಷ್ಟು ಮುಖ್ಯವೆಂದು ಇದರಿಂದಲೇ ತಿಳಿಯಬಹುದು.

ಅಂಕ ದಾಟಿದ ಮೇಲೆ ಪಠ್ಯದ ಸರದಿ. ಅಲ್ಲಿ ಒಂದು ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಯ ಓದು, ಪರೀಕ್ಷೆಯ ತಯಾರಿ ಸೇರಿ 25ರಿಂದ 30 ಗಂಟೆಗಳ ದುಡಿಮೆ. ಅನೇಕ ಕೋರ್ಸುಗಳು ಗಣಿತದಲ್ಲಿ ಇಷ್ಟು, ಮುಖ್ಯ ವಿಷಯದಲ್ಲಿ ಇಷ್ಟು ಕ್ರೆಡಿಟ್ ಆಗಿರಲೇಬೇಕು ಎನ್ನುತ್ತವೆ. ನಮ್ಮ ಅಂಕಪಟ್ಟಿಯಲ್ಲಿ ‘ಗಣಿತ–3’ ಎಂದಷ್ಟೇ ಇರುತ್ತದೆ. ಅದರಲ್ಲಿ ಸಂಭವನೀಯತೆ ಕಲಿಸಿದರೋ, ಎಷ್ಟು ಗಂಟೆ ಕಲಿಸಿದರೋ, ಸಿಲಬಸ್ ನೋಡದೆ ಯಾರಿಗೂ ತಿಳಿಯದು. ತಾವು ಓದಿದ ವರ್ಷದ ಸಿಲಬಸ್ಸಿಗಾಗಿ ಮಕ್ಕಳು ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಅಲೆಯುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಪದವಿ ಮುಗಿಸಿದ ವಿದ್ಯಾರ್ಥಿಯ ಕೈಗೆ ಅದು ತಾನಾಗಿ ಬರಬೇಕು.

2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾ ಅರ್ಜಿಗೆ ಎಪಿಎಸ್ ಪ್ರಮಾಣಪತ್ರವೂ ಬೇಕು. ಶೈಕ್ಷಣಿಕ ದಾಖಲೆಗಳು ಅಸಲಿಯೇ ಎಂದು ನೋಡುವ ತಪಾಸಣೆ ಅದು. ಅದಕ್ಕೂ ಸಮಯ ಹಿಡಿಯುತ್ತದೆ.

ಅಲ್ಲಿನ ಚಳಿಗಾಲದ ಸೆಮಿಸ್ಟರಿಗೆ ಅನೇಕ ಕೋರ್ಸುಗಳಲ್ಲಿ ಜುಲೈ 15 ಕೊನೆಯ ದಿನ, ಕೆಲವಕ್ಕೆ ಅದಕ್ಕೂ ಮೊದಲೇ. ನಮ್ಮ ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾದರೆ ಆ ಮಗುವಿನ ಒಂದು ವರ್ಷವೇ ಹೋಗುತ್ತದೆ. ವೇದಿಕೆಯ ಮೇಲಿರುವ ಕುಲಪತಿಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಅಂತಿಮ ವರ್ಷದ ಮೌಲ್ಯಮಾಪನವನ್ನು ಜೂನ್ ಒಳಗೆ ಮುಗಿಸಿಕೊಡಿ, ಪಾಸಿನ ಅಂಕ ಮತ್ತು ಪಾಠದ ಗಂಟೆಗಳನ್ನು ಟ್ರಾನ್ಸ್‌ಕ್ರಿಪ್ಟಿನಲ್ಲೇ ಅಚ್ಚು ಹಾಕಿಸಿ.